ಸೆಪ್ಟಿಮಾ ಕ್ಲಾರ್ಕ್ ಅವರ ಕಾಗದಪತ್ರ ಓದಬೇಕೆ? ಮನೆಯಿಂದ ಚಾರ್ಲ್ಸ್‌ಟನ್‌ವರೆಗೆ ದಾರಿ ಹೀಗಿದೆ

ಸೆಪ್ಟಿಮಾ ಕ್ಲಾರ್ಕ್ ಅವರ ಪತ್ರಗಳು ಎಲ್ಲಿವೆ? ಎಲ್ಲಾ ಆನ್‌ಲೈನ್‌ನಲ್ಲಿ ಸಿಗುತ್ತಾ? ಓದೋಕೆ ಅಮೆರಿಕಕ್ಕೇ ಹೋಗಬೇಕಾ? ವಯಸ್ಕರ ಶಿಕ್ಷಣದ ಬಗ್ಗೆಯೋ ಮತದಾನದ ಹಕ್ಕಿನ ಬಗ್ಗೆಯೋ ಬರೆದಾಗಲೆಲ್ಲ ಈ ಮೂರು ಪ್ರಶ್ನೆ ಬಂದೇ ಬರುತ್ತವೆ. ಕ್ಲಾರ್ಕ್ ಅಂದರೆ ಅಮೆರಿಕದ ಕಪ್ಪು ಟೀಚರ್, ಕಪ್ಪು ವಯಸ್ಕರು ಮತದಾರರಾಗಲಿ ಅಂತ ಅವರಿಗೆ ಓದು ಬರಹ ಕಲಿಸುವ ಪೌರತ್ವ ಶಾಲೆಗಳನ್ನು ಕಟ್ಟಿದವರು. ಕೇಳುವವರಲ್ಲಿ ಪಿಎಚ್‌ಡಿ ವಿದ್ಯಾರ್ಥಿಗಳಿದ್ದಾರೆ, ಮೇಷ್ಟ್ರುಗಳಿದ್ದಾರೆ, ಷಾರ್ಲಟ್, ರಾಲಿ ಕಡೆ ನೆಲೆಸಿರುವ ಕನ್ನಡಿಗರೂ ಇದ್ದಾರೆ. ಪ್ರತಿಯೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಮೊದಲು ಚುಟುಕಾಗಿ. ಅವರ ಕಾಗದಪತ್ರದ ಮುಖ್ಯ ಸಂಗ್ರಹ ಇರುವುದು ಸೌತ್ ಕ್ಯಾರೊಲೈನಾದ ಚಾರ್ಲ್ಸ್‌ಟನ್ ನಗರದಲ್ಲಿ. ಕಾಲೇಜ್ ಆಫ್ ಚಾರ್ಲ್ಸ್‌ಟನ್‌ಗೆ ಸೇರಿದ ಏವರಿ ರಿಸರ್ಚ್ ಸೆಂಟರ್‌ನಲ್ಲಿ. ಆನ್‌ಲೈನ್‌ನಲ್ಲಿ ಎಲ್ಲವೂ ಇದೆ ಅಂದುಕೊಳ್ಳಬೇಡಿ, ಆದರೆ ಮನೆಯಲ್ಲೇ ಕೂತು ಮಾಡಬಹುದಾದ ಕೆಲಸ ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ಇದೆ. ಇನ್ನೊಂದು ಮಾತು, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ: ಚಾರ್ಲ್ಸ್‌ಟನ್ ಒಂದನ್ನೇ ನೋಡಿದರೆ ಅವರ ಅರ್ಧ ಬದುಕು ಕೈತಪ್ಪುತ್ತದೆ. ಯಾಕೆ ಅಂತ ನಾಲ್ಕನೇ ಹಂತದಲ್ಲಿ ಹೇಳುತ್ತೇನೆ.

ಶುರು ಮಾಡುವ ಮುಂಚೆ ನಿಮ್ಮ ಹತ್ತಿರ ಇರಬೇಕಾದದ್ದು: ಒಂದು ನೋಟ್‌ಬುಕ್ ಅಥವಾ ಸ್ಪ್ರೆಡ್‌ಶೀಟ್, ಇಂಗ್ಲಿಷ್‌ನಲ್ಲಿ ಇ-ಮೇಲ್ ಬರೆಯುವಷ್ಟು ಅಭ್ಯಾಸ, ಮತ್ತೆ ಒಂದು ಸ್ಪಷ್ಟವಾದ ಪ್ರಶ್ನೆ. ಮೂರನೆಯದು ಇಲ್ಲದಿದ್ದರೆ ಮೊದಲೆರಡು ಉಪಯೋಗಕ್ಕೆ ಬರುವುದಿಲ್ಲ. "ಸೆಪ್ಟಿಮಾ ಕ್ಲಾರ್ಕ್ ಬಗ್ಗೆ ತಿಳಿಯಬೇಕು" ಅನ್ನುವುದು ಪ್ರಶ್ನೆಯಲ್ಲ. "ಪೌರತ್ವ ಶಾಲೆಗಳಿಗೆ ಟೀಚರ್‌ಗಳನ್ನು ಹೇಗೆ ಆರಿಸಿದರು?" ಅನ್ನುವುದು ಪ್ರಶ್ನೆ.

ಹಂತ 1: ಅವರ ಬದುಕನ್ನು ಒಂದು ಪುಟದಲ್ಲಿ ಬರೆದುಕೊಳ್ಳಿ

ಇದು ಹೋಂವರ್ಕ್ ಥರ ಕಾಣುತ್ತದೆ, ಆದರೆ ಹಾರಿಸಬೇಡಿ. ಆರ್ಕೈವ್‌ನಲ್ಲಿ, ಅಂದರೆ ಪತ್ರಾಗಾರದಲ್ಲಿ, ಕಾಗದಗಳನ್ನು ವಿಷಯದ ಪ್ರಕಾರ ಜೋಡಿಸುವುದು ಕಡಿಮೆ. ಆ ವ್ಯಕ್ತಿ ಯಾವ ಸಂಸ್ಥೆಯಲ್ಲಿದ್ದರು, ಯಾವ ಕಾಲದಲ್ಲಿ, ಯಾರ ಜೊತೆ ಅನ್ನುವ ಪ್ರಕಾರವೇ ಜಾಸ್ತಿ. ಇಸವಿ ಗೊತ್ತಿಲ್ಲದೆ ಹೋದರೆ ಯಾವ ಪೆಟ್ಟಿಗೆ ಕೇಳಬೇಕು ಅನ್ನುವುದೇ ತಿಳಿಯುವುದಿಲ್ಲ.

ಮುಖ್ಯವಾದ ಇಸವಿಗಳು ಇವು. ಹುಟ್ಟಿದ್ದು ಚಾರ್ಲ್ಸ್‌ಟನ್‌ನಲ್ಲಿ, 1898ರ ಮೇ 3ರಂದು. ತಂದೆ ಪೀಟರ್ ಪಾಯಿನ್‌ಸೆಟ್ ಗುಲಾಮಗಿರಿಯಲ್ಲಿ ಹುಟ್ಟಿದವರು, ತಾಯಿ ವಿಕ್ಟೋರಿಯಾ ಬೇರೆಯವರ ಬಟ್ಟೆ ಒಗೆದು ಸಂಸಾರ ತೂಗಿಸಿದವರು. ಏವರಿ ನಾರ್ಮಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಓದಿ 1916ರಲ್ಲಿ ಟೀಚರ್ ಆದರು. ಚಾರ್ಲ್ಸ್‌ಟನ್‌ನ ಸರ್ಕಾರಿ ಶಾಲೆಗಳಲ್ಲಿ ಆಗ ಕಪ್ಪು ಟೀಚರ್‌ಗಳಿಗೆ ಕೆಲಸ ಇರಲಿಲ್ಲ. ಹಾಗಾಗಿ ಪಕ್ಕದ ಜಾನ್ಸ್ ಐಲೆಂಡ್ ಅನ್ನುವ ದ್ವೀಪಕ್ಕೆ ಹೋಗಿ ಪಾಠ ಹೇಳಿದರು. 1919ರಲ್ಲಿ ಏವರಿಗೆ ಟೀಚರ್ ಆಗಿ ವಾಪಸ್ ಬಂದು, ಕಪ್ಪು ಟೀಚರ್‌ಗಳನ್ನು ತೆಗೆದುಕೊಳ್ಳಬೇಕು ಅನ್ನುವ ಅರ್ಜಿಗೆ ಮನೆಮನೆ ಸುತ್ತಿ ಸಹಿ ಹಾಕಿಸಿದರು. ಮಾರನೇ ವರ್ಷ ಅದು ಗೆದ್ದಿತು.

ಆಮೇಲೆ ಕೊಲಂಬಿಯಾ ನಗರದಲ್ಲಿ ವರ್ಷಗಟ್ಟಲೆ ಕೆಲಸ. 1942ರಲ್ಲಿ ಬೆನೆಡಿಕ್ಟ್ ಕಾಲೇಜಿನಿಂದ ಬಿಎ, 1946ರಲ್ಲಿ ಹ್ಯಾಂಪ್ಟನ್‌ನಿಂದ ಎಂಎ. ಅಂದರೆ ಎಂಎ ಮುಗಿಸಿದಾಗ ಅವರಿಗೆ 48 ವರ್ಷ. 1947ರಲ್ಲಿ ಮತ್ತೆ ಚಾರ್ಲ್ಸ್‌ಟನ್. 1956ರಲ್ಲಿ ರಾಜ್ಯ ಒಂದು ಕಾನೂನು ಮಾಡಿತು: ಸರ್ಕಾರಿ ನೌಕರರು ಎನ್‌ಎಎಸಿಪಿ ಸದಸ್ಯರಾಗಿರುವಂತಿಲ್ಲ. ಎನ್‌ಎಎಸಿಪಿ ಅಂದರೆ ಕಪ್ಪು ಜನರ ಹಕ್ಕಿಗಾಗಿ 1909ರಲ್ಲಿ ಹುಟ್ಟಿದ ಸಂಸ್ಥೆ. ಕ್ಲಾರ್ಕ್ ಸದಸ್ಯತ್ವ ಮುಚ್ಚಿಡಲಿಲ್ಲ. 40 ವರ್ಷದ ಕೆಲಸ ಹೋಯಿತು, ಪಿಂಚಣಿಯೂ ಹೋಯಿತು. ಅಲ್ಲಿಂದ ಟೆನೆಸಿಯ ಹೈಲ್ಯಾಂಡರ್ ಫೋಕ್ ಸ್ಕೂಲ್, ಅಂದರೆ ಹೋರಾಟಗಾರರಿಗೆ ತರಬೇತಿ ಕೊಡುತ್ತಿದ್ದ ಶಾಲೆ. 1957ರ ಜನವರಿಯಲ್ಲಿ ಜಾನ್ಸ್ ಐಲೆಂಡ್‌ನಲ್ಲಿ ಮೊದಲ ಪೌರತ್ವ ಶಾಲೆ. 1961ರಿಂದ ಮಾರ್ಟಿನ್ ಲೂಥರ್ ಕಿಂಗ್ ಅವರ ನಾಗರಿಕ ಹಕ್ಕುಗಳ ಸಂಸ್ಥೆ ಎಸ್‌ಸಿಎಲ್‌ಸಿ, 1970ರಲ್ಲಿ ಅಲ್ಲಿಂದ ನಿವೃತ್ತಿ. 1976ರಲ್ಲಿ ಪಿಂಚಣಿ ಮತ್ತೆ ಮಂಜೂರು. ತೀರಿಕೊಂಡದ್ದು 1987ರ ಡಿಸೆಂಬರ್ 15ರಂದು.

ಪೌರತ್ವ ಶಾಲೆ ಅಂದರೇನು ಅಂತಲೂ ಹೇಳಿಬಿಡುತ್ತೇನೆ. ಸೌತ್ ಕ್ಯಾರೊಲೈನಾದಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಿಸಲು ರಾಜ್ಯದ ಸಂವಿಧಾನದ ಒಂದು ಭಾಗ ಓದಿ ತೋರಿಸಬೇಕಿತ್ತು. ಶಾಲೆಯ ಮುಖ ನೋಡದ ಕಪ್ಪು ಕೂಲಿಕಾರರನ್ನು ಹೊರಗಿಡಲು ಅಷ್ಟು ಸಾಕಾಗಿತ್ತು. ಜಾನ್ಸ್ ಐಲೆಂಡ್‌ನಲ್ಲಿ ಈಸಾ ಜೆಂಕಿನ್ಸ್ ಮತ್ತು ಊರವರು ಒಂದು ಸಹಕಾರಿ ಅಂಗಡಿ ತೆರೆದರು. ಮುಂದೆ ದಿನಸಿ, ಹಿಂದಿನ ಕೋಣೆಯಲ್ಲಿ ಪಾಠ. ಬಿಳಿಯರ ಕಣ್ಣಿಗೆ ಅದು ಬರೀ ಅಂಗಡಿ. ಪಾಠ ಮಾಡಿದವರು ಕ್ಲಾರ್ಕ್ ಅವರ ಸಂಬಂಧಿ ಬರ್ನಿಸ್ ರಾಬಿನ್ಸನ್, ಬ್ಯೂಟಿ ಪಾರ್ಲರ್ ನಡೆಸುತ್ತಿದ್ದವರು. ಬೇಕೆಂದೇ ಟೀಚರ್ ಅಲ್ಲದವರನ್ನು ಆರಿಸಿದ್ದರು. ಮೊದಲ ತರಗತಿಗೆ 14 ಜನ ಬಂದರು. ಸಹಿ ಕಲಿಸಲು ಕ್ಲಾರ್ಕ್ ಬಳಸುತ್ತಿದ್ದ ಉಪಾಯ ಹೀಗಿತ್ತು: ರಟ್ಟಿನ ಮೇಲೆ ಹೆಸರನ್ನು ಕೊರೆದು ಕೊಡುವುದು, ಆ ಗೆರೆಯ ಮೇಲೆ ಪೆನ್ಸಿಲ್ ಓಡಿಸುತ್ತಾ ಓಡಿಸುತ್ತಾ ಕೈಗೆ ಅಭ್ಯಾಸ ಆಗುವವರೆಗೂ ತಿದ್ದಿಸುವುದು. ನಮ್ಮ ಸಾಕ್ಷರತಾ ಆಂದೋಲನದಲ್ಲಿ ಕೆಲಸ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಂತ 2: ದುಡ್ಡು ಖರ್ಚಿಲ್ಲದ್ದನ್ನು ಮೊದಲು ಮುಗಿಸಿ

ಪೆಟ್ಟಿಗೆಗಳ ಕಡೆ ಓಡಬೇಡಿ. ಮೊದಲು ಅವರ ಧ್ವನಿ ಕೇಳಿ. ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯದ ಸದರ್ನ್ ಓರಲ್ ಹಿಸ್ಟರಿ ಪ್ರೋಗ್ರಾಂನವರು 1976ರ ಜುಲೈನಲ್ಲಿ ಕ್ಲಾರ್ಕ್ ಅವರನ್ನು ಎರಡು ಸಲ ಸಂದರ್ಶಿಸಿದ್ದಾರೆ. ಒಂದು ಜ್ಯಾಕ್ವೆಲಿನ್ ಹಾಲ್ ಮಾಡಿದ್ದು, ಇನ್ನೊಂದು ಯೂಜೀನ್ ವಾಕರ್ ಮಾಡಿದ್ದು. "ಡಾಕ್ಯುಮೆಂಟಿಂಗ್ ದಿ ಅಮೆರಿಕನ್ ಸೌತ್" ಅನ್ನುವ ಜಾಲತಾಣದಲ್ಲಿ ಆಡಿಯೋ, ಬರಹ ಎರಡೂ ಉಚಿತ. ಇಂಥ ಮಾತಿನ ದಾಖಲೆಗೆ ಮೌಖಿಕ ಇತಿಹಾಸ ಅನ್ನುತ್ತಾರೆ. ಬರಹವನ್ನಷ್ಟೇ ಓದಿ ಸುಮ್ಮನಾಗಬೇಡಿ, ಆಡಿಯೋ ಹಾಕಿ. ಎಲ್ಲಿ ನಗುತ್ತಾರೆ, ಎಲ್ಲಿ ಮಾತು ನಿಲ್ಲಿಸುತ್ತಾರೆ ಅನ್ನುವುದು ಅಕ್ಷರದಲ್ಲಿ ಬರುವುದಿಲ್ಲ.

ಎರಡನೆಯದು ಲೋಕಂಟ್ರಿ ಡಿಜಿಟಲ್ ಲೈಬ್ರರಿ. ಕಾಲೇಜ್ ಆಫ್ ಚಾರ್ಲ್ಸ್‌ಟನ್‌ನವರೇ ನಡೆಸುವ ಇದರಲ್ಲಿ ಸ್ಕ್ಯಾನ್ ಆಗಿರುವ ಫೋಟೋ, ಪತ್ರ, ದಾಖಲೆಗಳು ಸಿಗುತ್ತವೆ. ಏವರಿಯ ಸಾಮಗ್ರಿಯೂ ಅಲ್ಲಿದೆ.

ಮೂರನೆಯದು ಪುಸ್ತಕಗಳು. ಕ್ಲಾರ್ಕ್ ಅವರ ಆತ್ಮಕಥೆ "ಎಕೋ ಇನ್ ಮೈ ಸೋಲ್" 1962ರಲ್ಲಿ ಬಂತು. ಸಂದರ್ಶನಗಳನ್ನು ಆಧರಿಸಿದ "ರೆಡಿ ಫ್ರಮ್ ವಿದಿನ್" 1986ರಲ್ಲಿ. ಕ್ಯಾಥರೀನ್ ಮೆಲನ್ ಶರಾನ್ ಬರೆದ ಜೀವನಚರಿತ್ರೆ "ಫ್ರೀಡಮ್ಸ್ ಟೀಚರ್" 2009ರಲ್ಲಿ. ಈ ಮೂರನೆಯದನ್ನು ಓದುವಾಗ ಕೊನೆಯ ಅಡಿಟಿಪ್ಪಣಿಗಳಿಂದ ಶುರು ಮಾಡಿ ಅನ್ನುವುದು ನನ್ನ ಸಲಹೆ. ನಿಮಗಿಂತ ಮುಂಚೆ ಅದೇ ಪೆಟ್ಟಿಗೆಗಳಲ್ಲಿ ಕೈಯಾಡಿಸಿದವರು ಯಾವ ಕಾಗದ ಎಲ್ಲಿ ಸಿಕ್ಕಿತು ಅಂತ ಅಲ್ಲಿ ಬರೆದಿಟ್ಟಿರುತ್ತಾರೆ. ನಿಮ್ಮ ಪ್ರಶ್ನೆಗೆ ಹತ್ತಿರವಾದ ಟಿಪ್ಪಣಿಗಳನ್ನೆಲ್ಲ ಸ್ಪ್ರೆಡ್‌ಶೀಟ್‌ಗೆ ಇಳಿಸಿಕೊಳ್ಳಿ.

ಎಚ್ಚರ: ಗೂಗಲ್‌ನಲ್ಲಿ ಸುಮ್ನೆ ಅವರ ಹೆಸರು ಹಾಕಿದರೆ ರಸ್ತೆ, ಮಳೆನೀರು, ಟ್ರಾಫಿಕ್ ಸುದ್ದಿ ಬರುತ್ತವೆ. ಚಾರ್ಲ್ಸ್‌ಟನ್‌ನ ಒಂದು ದೊಡ್ಡ ಹೆದ್ದಾರಿಗೆ ಅವರ ಹೆಸರಿಟ್ಟಿದ್ದಾರೆ, ಮಳೆ ಬಂದರೆ ಅದರಲ್ಲಿ ನೀರು ನಿಲ್ಲುವುದು ಅಲ್ಲಿನ ಹಳೇ ಗೋಳು. ಹುಡುಕುವಾಗ ಹೆಸರಿನ ಜೊತೆ "ಪೇಪರ್ಸ್" ಅಥವಾ "ಕರೆಸ್ಪಾಂಡೆನ್ಸ್" ಸೇರಿಸಿ.

ಹಂತ 3: ಫೈಂಡಿಂಗ್ ಏಡ್ ಓದುವುದನ್ನು ಕಲಿಯಿರಿ

ಜಾಸ್ತಿ ಜನ ಎಡವುವುದು ಇಲ್ಲೇ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಫೈಂಡಿಂಗ್ ಏಡ್ ಅಂದರೆ ಒಂದು ಸಂಗ್ರಹದ ವಿವರಪಟ್ಟಿ. ಏವರಿಯ ಜಾಲತಾಣದಲ್ಲಿ "ಸೆಪ್ಟಿಮಾ ಪಿ. ಕ್ಲಾರ್ಕ್ ಪೇಪರ್ಸ್" ಅಂತ ಹುಡುಕಿದರೆ ಸಿಗುತ್ತದೆ. ಇದರಲ್ಲಿ ಮೂಲ ಕಾಗದ ಇರುವುದಿಲ್ಲ, ಯಾವ ಪೆಟ್ಟಿಗೆಯಲ್ಲಿ ಏನಿದೆ ಅನ್ನುವುದು ಮಾತ್ರ ಇರುತ್ತದೆ. ಮೊದಲಿಗೆ ವ್ಯಕ್ತಿಯ ಪರಿಚಯ. ಆಮೇಲೆ ಸಂಗ್ರಹದಲ್ಲಿ ಒಟ್ಟಾರೆ ಏನೇನಿದೆ ಅನ್ನುವ ಟಿಪ್ಪಣಿ, ಇದಕ್ಕೆ "ಸ್ಕೋಪ್ ಅಂಡ್ ಕಂಟೆಂಟ್" ಅನ್ನುತ್ತಾರೆ. ಆಮೇಲೆ ಬಳಕೆಯ ನಿಯಮ. ಕೊನೆಗೆ ಪೆಟ್ಟಿಗೆ, ಫೋಲ್ಡರ್‌ಗಳ ಪಟ್ಟಿ. ಎಲ್ಲರೂ ನೇರವಾಗಿ ಪಟ್ಟಿಗೆ ಹಾರುತ್ತಾರೆ. ನೀವು ಹಾಗೆ ಮಾಡಬೇಡಿ. ಯಾವುದು ಸಂಶೋಧಕರಿಗೆ ತೆರೆದಿಲ್ಲ, ಯಾವುದನ್ನು ಮುಂಚೆಯೇ ಕೇಳಿ ತರಿಸಬೇಕು ಅನ್ನುವುದು ಬಳಕೆಯ ನಿಯಮದಲ್ಲೇ ಇರುತ್ತದೆ.

ಪಟ್ಟಿಯಲ್ಲಿ ಬರುವ ಕೆಲವು ಪದಗಳು. "ಸೀರೀಸ್" ಅಂದರೆ ಒಂದೇ ಬಗೆಯ ಕಾಗದಗಳ ಗುಂಪು: ಪತ್ರಗಳು ಒಂದು ಕಡೆ, ಭಾಷಣಗಳು ಇನ್ನೊಂದು ಕಡೆ, ಫೋಟೋಗಳು ಮತ್ತೊಂದು ಕಡೆ. "ಲೀನಿಯರ್ ಫೂಟ್" ಅಂದರೆ ಪೆಟ್ಟಿಗೆಗಳನ್ನು ಕಪಾಟಿನಲ್ಲಿ ಸಾಲಾಗಿ ಇಟ್ಟರೆ ಎಷ್ಟು ಅಡಿ ಜಾಗ ಹಿಡಿಯುತ್ತದೆ ಅನ್ನುವ ಅಳತೆ. "ಸರ್ಕಾ" ಅಂದರೆ ಸುಮಾರು. "ಎನ್.ಡಿ." ಅಂದರೆ ತಾರೀಖಿಲ್ಲ. ತಾರೀಖನ್ನು ಚೌಕ ಆವರಣದಲ್ಲಿ ಹಾಕಿದ್ದರೆ ಅದು ಕಾಗದದ ಮೇಲೆ ಇಲ್ಲ, ಜೋಡಿಸಿದವರು ಅಂದಾಜು ಮಾಡಿ ಹಾಕಿದ್ದು ಅಂತ ತಿಳಿಯಿರಿ.

ಈಗ ದೊಡ್ಡ ಎಚ್ಚರಿಕೆ. ಪಟ್ಟಿ ಸಾಮಾನ್ಯವಾಗಿ ಫೋಲ್ಡರ್ ಮಟ್ಟಕ್ಕೆ ನಿಲ್ಲುತ್ತದೆ, ಒಂದೊಂದು ಹಾಳೆಯ ಲೆಕ್ಕ ಇರುವುದಿಲ್ಲ. ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಡಲು ಒಪ್ಪದೆ ಮುಂದೆ ಹೆಸರಾದ ರೋಸಾ ಪಾರ್ಕ್ಸ್ 1955ರ ಬೇಸಿಗೆಯಲ್ಲಿ ಹೈಲ್ಯಾಂಡರ್‌ನ ಕಾರ್ಯಾಗಾರಕ್ಕೆ ಬಂದಾಗ ಅಲ್ಲಿ ಕ್ಲಾರ್ಕ್ ಇದ್ದರು. ಇದು ಓದಿದವರು ಪಟ್ಟಿಯಲ್ಲಿ ಪಾರ್ಕ್ಸ್ ಹೆಸರು ಹುಡುಕುತ್ತಾರೆ. ಸಿಗದಿದ್ದರೆ ಏನೂ ಇಲ್ಲ ಅಂತ ತೀರ್ಮಾನಿಸಿಬಿಡುತ್ತಾರೆ. ಹಾಗಲ್ಲ. "ಪತ್ರಗಳು" ಅಂತ ಬರೆದು ಒಂದಷ್ಟು ಇಸವಿ ಹಾಕಿರುವ ಫೋಲ್ಡರ್ ಒಳಗೆ ಯಾರ ಪತ್ರ ಬೇಕಾದರೂ ಇರಬಹುದು. ಪಟ್ಟಿಯಲ್ಲಿ ಹೆಸರು ಇಲ್ಲ ಅಂದರೆ ಹೆಸರು ಪಟ್ಟಿಯಲ್ಲಿ ಇಲ್ಲ ಅಂತಷ್ಟೇ ಅರ್ಥ.

ಹುಡುಕುವ ಪದಗಳಲ್ಲೂ ಜಾಣತನ ಬೇಕು. ಆ ಕಾಲದ ಕಾಗದಗಳಲ್ಲಿ "ನೀಗ್ರೋ", "ಕಲರ್ಡ್" ಅಂತಲೇ ಇರುತ್ತದೆ, ಸಂಸ್ಥೆಗಳ ಹೆಸರಿನಲ್ಲೂ ಅದೇ. ಇವತ್ತು ನಾವು ಆ ಪದ ಬಳಸುವುದಿಲ್ಲ, ಆದರೆ ಹುಡುಕುವಾಗ ಬಳಸದಿದ್ದರೆ ಏನೂ ಸಿಗುವುದಿಲ್ಲ. ಅವರ ಹೆಸರೂ ಒಂದೇ ಥರ ಬರುವುದಿಲ್ಲ. ತವರಿನ ಹೆಸರು ಪಾಯಿನ್‌ಸೆಟ್, ಇಂಗ್ಲಿಷ್ ಸ್ಪೆಲಿಂಗ್‌ನಲ್ಲಿ ಕೊನೆಗೆ "ಇ" ಇರುವುದೂ ಉಂಟು, ಬಿಟ್ಟಿರುವುದೂ ಉಂಟು. ಬರೀ "ಮಿಸೆಸ್ ಕ್ಲಾರ್ಕ್" ಅಂತಲೂ ಸಿಗುತ್ತದೆ. ಜಾನ್ಸ್ ಐಲೆಂಡ್‌ಗೆ ಅಪಾಸ್ಟ್ರಫಿ ಹಾಕಿಯೂ ಹುಡುಕಿ, ಹಾಕದೆಯೂ ಹುಡುಕಿ. ಪೌರತ್ವ ಶಾಲೆಗೆ ಹೈಲ್ಯಾಂಡರ್ ಕಾಲದಲ್ಲಿ "ಸಿಟಿಜನ್‌ಶಿಪ್ ಸ್ಕೂಲ್" ಅಂದರು, ಎಸ್‌ಸಿಎಲ್‌ಸಿ ಕಾಲದಲ್ಲಿ "ಸಿಟಿಜನ್‌ಶಿಪ್ ಎಜುಕೇಶನ್ ಪ್ರೋಗ್ರಾಂ" ಅಂದರು. ಒಂದನ್ನೇ ಹಿಡಿದು ಕೂತರೆ ಇನ್ನೊಂದು ಕಾಲ ಪೂರ್ತಿ ತಪ್ಪಿಹೋಗುತ್ತದೆ.

ಹಂತ 4: ಪತ್ರ ಯಾರ ಕೈ ಸೇರಿತು ಅಂತ ಕೇಳಿಕೊಳ್ಳಿ

ಪತ್ರ ಬರೆದವರ ಮನೆಯಲ್ಲಿ ಉಳಿಯುವುದಿಲ್ಲ, ಪಡೆದವರ ಮನೆಗೆ ಹೋಗುತ್ತದೆ. ಇಷ್ಟು ಸರಳ ಸಂಗತಿ ಎಷ್ಟೋ ಸಂಶೋಧಕರಿಗೆ ತಲೆಗೆ ಹೋಗುವುದಿಲ್ಲ! ಕ್ಲಾರ್ಕ್ ಅವರ ಸಂಗ್ರಹದಲ್ಲಿ ಜಾಸ್ತಿ ಇರುವುದು ಅವರಿಗೆ ಬಂದ ಪತ್ರಗಳು. ಅವರು ಬರೆದದ್ದು ಅಲ್ಲಿ ಸಿಗಬೇಕಾದರೆ ಕಾರ್ಬನ್ ಕಾಪಿ ಇಟ್ಟುಕೊಂಡಿರಬೇಕು, ಇಲ್ಲವೇ ಕರಡು ಉಳಿದಿರಬೇಕು. ಟೈಪ್ ಮಾಡಿದ ಆಫೀಸ್ ಪತ್ರಕ್ಕೆ ಕಾರ್ಬನ್ ಇರುತ್ತದೆ. ರಾತ್ರಿ ಕೂತು ಕೈಯಲ್ಲಿ ಬರೆದ ಪತ್ರಕ್ಕೆ ಸಾಮಾನ್ಯವಾಗಿ ಇರುವುದಿಲ್ಲ.

ಒಂದು ಉದಾಹರಣೆ ನೋಡಿ. ಪ್ರತಿ ಮೆರವಣಿಗೆಯನ್ನೂ ನೀವೇ ನಡೆಸಬೇಡಿ, ಬೇರೆ ನಾಯಕರನ್ನು ಬೆಳೆಸಿ ಅಂತ ತಾನು ಡಾ. ಕಿಂಗ್‌ಗೆ ಪತ್ರ ಬರೆದಿದ್ದೆ, ಅದನ್ನು ಅವರು ಸಿಬ್ಬಂದಿಯ ಮುಂದೆ ಓದಿದಾಗ ಎಲ್ಲರೂ ನಕ್ಕರು ಅಂತ ಕ್ಲಾರ್ಕ್ ಆಮೇಲೆ ನೆನಪಿಸಿಕೊಂಡಿದ್ದಾರೆ. ಸಂಸ್ಥೆಯಲ್ಲಿ ಹೆಂಗಸರ ಮಾತಿಗೆ ಬೆಲೆ ಇರಲಿಲ್ಲ ಅನ್ನುವುದಕ್ಕೆ ಅವರು ಕೊಡುತ್ತಿದ್ದ ನಿದರ್ಶನ ಇದು. ಈ ಪತ್ರ ಹುಡುಕಬೇಕು ಅಂದರೆ ನೀವು ಎಲ್ಲಿಗೆ ಹೋಗುತ್ತೀರಿ? ಚಾರ್ಲ್ಸ್‌ಟನ್‌ಗಲ್ಲ, ಪಡೆದವರ ಕಡೆಗೆ. ಅಂದರೆ ಕಿಂಗ್ ಅವರ ಮತ್ತು ಎಸ್‌ಸಿಎಲ್‌ಸಿಯ ಕಡತಗಳಿಗೆ. ಅಟ್ಲಾಂಟಾದ ಕಿಂಗ್ ಸೆಂಟರ್‌ನಲ್ಲಿ ಎಸ್‌ಸಿಎಲ್‌ಸಿಯ 1970ರವರೆಗಿನ ದಾಖಲೆಗಳಿವೆ. ಆ ದಾಖಲೆಗಳ ಮೈಕ್ರೋಫಿಲ್ಮ್ ಪ್ರತಿ, ಅಂದರೆ ಪುಟಗಳನ್ನು ಚಿಕ್ಕದಾಗಿ ಫೋಟೋ ತೆಗೆದಿಟ್ಟ ಫಿಲ್ಮ್ ಸುರುಳಿ, ಬೇರೆ ದೊಡ್ಡ ಗ್ರಂಥಾಲಯಗಳಲ್ಲೂ ಸಿಗುತ್ತದೆ. ಕಿಂಗ್ ತಮ್ಮ ಕಾಗದಗಳ ಒಂದು ಭಾಗವನ್ನು 1964ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯಕ್ಕೆ ಕೊಟ್ಟಿದ್ದರು, ಅದು ಬೇರೆ.

ಇದೇ ಲೆಕ್ಕದಲ್ಲಿ ಉಳಿದ ಊರುಗಳು. ಹೈಲ್ಯಾಂಡರ್‌ನ ದಾಖಲೆಗಳು ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನಲ್ಲಿರುವ ಹಿಸ್ಟಾರಿಕಲ್ ಸೊಸೈಟಿಯಲ್ಲಿವೆ. ಟೆನೆಸಿಯ ಶಾಲೆಯ ಕಾಗದ ಉತ್ತರದ ತುದಿಗೆ ಹೋಗಿ ಕೂತಿದೆ, ನೋಡಿ. 1959ರ ಜುಲೈ 31ರಂದು ಪೊಲೀಸರು ಹೈಲ್ಯಾಂಡರ್ ಮೇಲೆ ದಾಳಿ ಮಾಡಿ ಕ್ಲಾರ್ಕ್ ಅವರನ್ನು ಬಂಧಿಸಿದರಲ್ಲ, ಆ ಕಾಲದ ಬಗ್ಗೆ ಕೆಲಸ ಮಾಡುವವರು ಮ್ಯಾಡಿಸನ್ ಬಿಡುವಂತಿಲ್ಲ. ನ್ಯಾಶ್‌ವಿಲ್‌ನ ಟೆನೆಸಿ ರಾಜ್ಯ ಪತ್ರಾಗಾರದಲ್ಲೂ ಹೈಲ್ಯಾಂಡರ್ ಸಾಮಗ್ರಿ ಇದೆ, ಧ್ವನಿಮುದ್ರಣಗಳೂ ಸೇರಿದಂತೆ.

ಚಾರ್ಲ್ಸ್‌ಟನ್‌ನ ಬಿಳಿಯ ನ್ಯಾಯಾಧೀಶ ವೇಟೀಸ್ ವೇರಿಂಗ್ ಕಪ್ಪು ಜನರ ಪರವಾಗಿ ತೀರ್ಪು ಕೊಟ್ಟು ತನ್ನವರಿಂದಲೇ ಬಹಿಷ್ಕಾರಕ್ಕೆ ಒಳಗಾದವರು. ಅವರ ಮತ್ತು ಅವರ ಹೆಂಡತಿ ಎಲಿಜಬೆತ್ ಅವರ ಜೊತೆ ಕ್ಲಾರ್ಕ್‌ಗೆ ಗಟ್ಟಿ ಸ್ನೇಹ. ವೇರಿಂಗ್ ಕಾಗದಪತ್ರ ವಾಷಿಂಗ್ಟನ್‌ನ ಹೊವರ್ಡ್ ವಿಶ್ವವಿದ್ಯಾಲಯದ ಮೂರ್‌ಲ್ಯಾಂಡ್-ಸ್ಪಿಂಗಾರ್ನ್ ಕೇಂದ್ರದಲ್ಲಿದೆ. ರೋಸಾ ಪಾರ್ಕ್ಸ್ ಅವರ ಕಾಗದಪತ್ರ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ. ಅದನ್ನು ಸ್ಕ್ಯಾನ್ ಮಾಡಿ ಆನ್‌ಲೈನ್‌ಗೆ ಹಾಕಿರುವುದರಿಂದ ಹುಬ್ಬಳ್ಳಿಯಲ್ಲಿ ಕೂತೇ ನೋಡಬಹುದು. ಬರ್ನಿಸ್ ರಾಬಿನ್ಸನ್ ಮತ್ತು ಈಸಾ ಜೆಂಕಿನ್ಸ್ ಅವರ ಕಾಗದಗಳು ಮಾತ್ರ ಏವರಿಯಲ್ಲೇ ಇವೆ. ಪೌರತ್ವ ಶಾಲೆಯ ಬಗ್ಗೆ ಕೆಲಸ ಮಾಡುವವರಿಗೆ ಇದು ದೊಡ್ಡ ಅನುಕೂಲ. ಮೂವರ ಫೈಂಡಿಂಗ್ ಏಡ್‌ಗಳನ್ನೂ ಪಕ್ಕಪಕ್ಕ ಇಟ್ಟು ಓದಿ.

ಹಂತ 5: ಆರ್ಕೈವಿಸ್ಟ್‌ಗೆ ಇ-ಮೇಲ್ ಬರೆಯಿರಿ

ಆರ್ಕೈವಿಸ್ಟ್ ಅಂದರೆ ಸಂಗ್ರಹ ನೋಡಿಕೊಳ್ಳುವವರು. ಸಹಾಯ ಮಾಡುವುದು ಅವರ ಕೆಲಸ, ಮಾಡುತ್ತಾರೆ ಕೂಡ. ಆದರೆ "ಕ್ಲಾರ್ಕ್ ಬಗ್ಗೆ ಇರುವ ಎಲ್ಲಾ ಮಾಹಿತಿ ಕಳಿಸಿ" ಅಂತ ಬರೆದರೆ ನಿಮಗೆ ಬರುವುದು ಫೈಂಡಿಂಗ್ ಏಡ್‌ನ ಕೊಂಡಿ ಅಷ್ಟೇ.

ಇ-ಮೇಲ್ ಚಿಕ್ಕದಾಗಿರಲಿ. ನೀವು ಯಾರು, ಒಂದು ಸಾಲು. ನಿಮ್ಮ ಪ್ರಶ್ನೆ, ಎರಡು ಸಾಲು. ಈಗಾಗಲೇ ಏನೇನು ನೋಡಿದ್ದೀರಿ, ಒಂದು ಸಾಲು. ಯಾವ ಪೆಟ್ಟಿಗೆ, ಯಾವ ಫೋಲ್ಡರ್ ಬೇಕು, ನಂಬರ್ ಸಮೇತ. ಆಮೇಲೆ ಕೇಳಬೇಕಾದದ್ದು: ಈ ಫೋಲ್ಡರ್‌ನಲ್ಲಿ ಸುಮಾರು ಎಷ್ಟು ಹಾಳೆ ಇದೆ, ಸ್ಕ್ಯಾನ್ ಮಾಡಿ ಕಳಿಸುತ್ತೀರಾ, ಶುಲ್ಕ ಎಷ್ಟು, ಎಷ್ಟು ದಿನ ಹಿಡಿಯುತ್ತದೆ. ಹಾಳೆ ಎಷ್ಟು ಅಂತ ಕೇಳದೆ ಆರ್ಡರ್ ಮಾಡಬೇಡಿ, ಬಿಲ್ ನೋಡಿ ಬೆಚ್ಚಿಬೀಳುತ್ತೀರಿ.

ಫೋನಿನಲ್ಲೋ ವಿಡಿಯೋ ಕಾಲ್‌ನಲ್ಲೋ ಮಾತಾಡುವುದಾದರೆ ಸಮಯ ನೋಡಿಕೊಳ್ಳಿ. ಚಾರ್ಲ್ಸ್‌ಟನ್ ನಮಗಿಂತ ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಹಿಂದೆ. ಅವರ ಬೆಳಗ್ಗೆ ಅಂದರೆ ನಮಗೆ ಸಂಜೆ. ಎರಡು ವಾರ ಉತ್ತರ ಬರದಿದ್ದರೆ ವಿನಯವಾಗಿ ಒಂದು ಸಲ ನೆನಪಿಸಿ. ಅವರಿಗೆ ಇರುವುದು ನಿಮ್ಮ ಒಬ್ಬರ ಕೆಲಸ ಅಲ್ಲ, ಅಲ್ವಾ?

ಹಂತ 6: ಹೋಗುವುದಾದರೆ

ಏವರಿ ಇರುವುದು ಬುಲ್ ಸ್ಟ್ರೀಟ್‌ನಲ್ಲಿ. ಕ್ಲಾರ್ಕ್ ವಿದ್ಯಾರ್ಥಿಯಾಗಿ ಓದಿದ, ಆಮೇಲೆ ಟೀಚರ್ ಆಗಿ ಪಾಠ ಮಾಡಿದ ಏವರಿ ನಾರ್ಮಲ್ ಇನ್‌ಸ್ಟಿಟ್ಯೂಟ್‌ನ ಕಟ್ಟಡವೇ ಇದು. ಶಾಲೆ ಶುರುವಾದದ್ದು 1865ರಲ್ಲಿ, ಮುಚ್ಚಿದ್ದು 1954ರಲ್ಲಿ. 1985ರಲ್ಲಿ ಸಂಶೋಧನಾ ಕೇಂದ್ರವಾಯಿತು. ಷಾರ್ಲಟ್‌ನಿಂದ ಕಾರಿನಲ್ಲಿ ಮೂರೂವರೆ ಗಂಟೆ ದಾರಿ. ಹಳೇ ಊರಿನ ಬೀದಿಗಳು ಇಕ್ಕಟ್ಟು, ಪಾರ್ಕಿಂಗ್ ಕಷ್ಟ, ಆ ಸಮಯವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಅಪಾಯಿಂಟ್‌ಮೆಂಟ್ ಇಲ್ಲದೆ ಹೊರಡಲೇಬೇಡಿ. ತೆರೆದಿರುವ ದಿನ, ಹೊತ್ತು ಬದಲಾಗುತ್ತಿರುತ್ತವೆ. ಕಾಲೇಜಿನ ರಜೆ, ಪರೀಕ್ಷೆ ವಾರಗಳೂ ಅಡ್ಡ ಬರುತ್ತವೆ. ಬೇಕಾದ ಪೆಟ್ಟಿಗೆಗಳ ನಂಬರ್ ಮುಂಚೆಯೇ ಕಳಿಸಿದರೆ ನೀವು ಹೋಗುವಷ್ಟರಲ್ಲಿ ತೆಗೆದಿಟ್ಟಿರುತ್ತಾರೆ.

ರೀಡಿಂಗ್ ರೂಮಿನ ಶಿಸ್ತು ಎಲ್ಲಾ ಆರ್ಕೈವ್‌ಗಳಲ್ಲೂ ಹೆಚ್ಚುಕಡಿಮೆ ಒಂದೇ. ಗುರುತಿನ ಚೀಟಿ ಬೇಕು. ಇಂಡಿಯಾದಿಂದ ಹೋದವರು ಪಾಸ್‌ಪೋರ್ಟ್ ಇಟ್ಟುಕೊಳ್ಳಿ. ಬ್ಯಾಗ್, ನೀರಿನ ಬಾಟಲಿ ಹೊರಗೆ. ಪೆನ್ ಇಲ್ಲ, ಪೆನ್ಸಿಲ್ ಮಾತ್ರ. ಒಂದು ಸಲಕ್ಕೆ ಒಂದು ಪೆಟ್ಟಿಗೆ, ಅದರಿಂದ ಒಂದೇ ಫೋಲ್ಡರ್. ಫೋಲ್ಡರ್ ತೆಗೆದ ಜಾಗದಲ್ಲಿ ಗುರುತಿನ ರಟ್ಟು ಇಡಬೇಕು. ಒಳಗಿನ ಹಾಳೆಗಳ ಕ್ರಮ ತಪ್ಪಾಗಿದೆ ಅನ್ನಿಸಿದರೂ ನೀವು ಸರಿ ಮಾಡಲು ಹೋಗಬೇಡಿ, ಅಲ್ಲಿರುವವರಿಗೆ ಹೇಳಿ. ಯಾವ ಕಾಗದದ ಪಕ್ಕ ಯಾವುದು ಇತ್ತು ಅನ್ನುವುದೂ ಒಂದು ದಾಖಲೆಯೇ.

ಫೋಟೋ ತೆಗೆಯಬಹುದಾ ಅಂತ ಕೇಳಿ ತೆಗೆಯಿರಿ, ಫ್ಲಾಶ್ ಆರಿಸಿ. ಮೊದಲ ಫೋಟೋ ಪೆಟ್ಟಿಗೆಯ ಲೇಬಲ್‌ನದು, ಎರಡನೆಯದು ಫೋಲ್ಡರ್‌ನ ಲೇಬಲ್‌ನದು. ಆಮೇಲೆ ಹಾಳೆಗಳು, ಒಂದೂ ಬಿಡದೆ ಹಿಂಬದಿಯೂ ಸೇರಿ. ಪತ್ರದ ಮೇಲೆ ತಾರೀಖಿಲ್ಲದಿದ್ದರೂ ಲಕೋಟೆಯ ಮೇಲಿನ ಅಂಚೆ ಮುದ್ರೆಯಲ್ಲಿ ಇರುತ್ತದೆ. ರಾತ್ರಿ ರೂಮಿಗೆ ಬಂದ ತಕ್ಷಣ ಫೋಟೋಗಳನ್ನು ಫೋಲ್ಡರ್ ಪ್ರಕಾರ ಬೇರೆ ಮಾಡಿ ಹೆಸರಿಡಿ. ನಾಳೆ ಮಾಡೋಣ ಅಂದರೆ ಊರಿಗೆ ಬಂದ ಮೇಲೆ ಯಾವ ಹಾಳೆ ಯಾವ ಪೆಟ್ಟಿಗೆಯದು ಅಂತ ದೇವರಿಗೇ ಗೊತ್ತು.

ಹಂತ 7: ಓದುವಾಗ ಕಣ್ಣು ತೆರೆದಿರಲಿ

ತಾರೀಖಿನಿಂದ ಶುರು ಮಾಡೋಣ. ಅಮೆರಿಕದವರು ತಿಂಗಳನ್ನು ಮೊದಲು ಬರೆಯುತ್ತಾರೆ. ಕ್ಲಾರ್ಕ್ ಹುಟ್ಟಿದ ದಿನ ಅವರ ಲೆಕ್ಕದಲ್ಲಿ 5/3/1898. ನಾವು ಅದನ್ನು ಮಾರ್ಚ್ 5 ಅಂತ ಓದಿಬಿಡುತ್ತೇವೆ. ನಿಮ್ಮ ಟಿಪ್ಪಣಿಯಲ್ಲಿ ತಿಂಗಳನ್ನು ಯಾವಾಗಲೂ ಅಕ್ಷರದಲ್ಲೇ ಬರೆಯಿರಿ.

ಸಂಬೋಧನೆ ಗಮನಿಸಿ. ಆ ಕಾಲದ ದಕ್ಷಿಣದಲ್ಲಿ ಬಿಳಿಯರು ಕಪ್ಪು ಹೆಂಗಸರನ್ನು "ಮಿಸೆಸ್" ಅಂತ ಕರೆಯುತ್ತಿರಲಿಲ್ಲ, ಬರೀ ಹೆಸರು ಹಿಡಿದು ಕೂಗುತ್ತಿದ್ದರು. ಹಾಗಾಗಿ ಒಬ್ಬ ಬಿಳಿಯ ಅಧಿಕಾರಿಯ ಪತ್ರ "ಡಿಯರ್ ಮಿಸೆಸ್ ಕ್ಲಾರ್ಕ್" ಅಂತ ಶುರುವಾದರೂ ಅದು ಒಂದು ಸುದ್ದಿ, "ಸೆಪ್ಟಿಮಾ" ಅಂತ ಶುರುವಾದರೂ ಒಂದು ಸುದ್ದಿ. ಬರೆದವರು ಗೆಳೆಯರೋ ಅಧಿಕಾರಿಯೋ ಅಂತ ನೋಡಿಕೊಂಡು ಅರ್ಥ ಮಾಡಿ.

ನೆನಪು ಬೇರೆ, ಕಾಗದ ಬೇರೆ. ಕೆಲಸ ಹೋದಾಗ ತಾನು 726 ಕಪ್ಪು ಟೀಚರ್‌ಗಳಿಗೆ ಪತ್ರ ಬರೆದೆ, ಉತ್ತರ ಕೊಟ್ಟವರು 26 ಜನ ಮಾತ್ರ ಅಂತ ಕ್ಲಾರ್ಕ್ ಹೇಳಿದ್ದಾರೆ. ಹೇಳಿದ್ದು ಹತ್ತಾರು ವರ್ಷ ಆದ ಮೇಲೆ. ಅವರನ್ನು ಅನುಮಾನಿಸಿ ಅಂತಲ್ಲ ನಾನು ಹೇಳುವುದು. ಆದರೆ ಬರೆಯುವಾಗ "ಕ್ಲಾರ್ಕ್ ನೆನಪಿಸಿಕೊಂಡ ಹಾಗೆ" ಅಂತ ಸೇರಿಸಿ. ಪೆಟ್ಟಿಗೆಯಲ್ಲಿ ಆ ಪತ್ರದ ಪ್ರತಿಯೋ ಹೆಸರಿನ ಪಟ್ಟಿಯೋ ಸಿಕ್ಕರೆ ಅದನ್ನು ಬೇರೆಯಾಗಿ ಹೇಳಿ. 1962ರ ಆತ್ಮಕಥೆ, 1976ರ ಸಂದರ್ಶನ, 1986ರ ಪುಸ್ತಕ: ಒಂದೇ ಘಟನೆಯನ್ನು ಮೂರರಲ್ಲೂ ಓದಿ. 1962ರಲ್ಲಿ ಹೋರಾಟ ನಡೆಯುತ್ತಿತ್ತು, ಜೊತೆಯವರ ಬಗ್ಗೆ ಎಲ್ಲವನ್ನೂ ಹೇಳುವ ಹೊತ್ತಲ್ಲ ಅದು. ಕೊನೆಯ ಪುಸ್ತಕದಲ್ಲಿ ಮಾತು ಬಿಚ್ಚಿಕೊಂಡಿದೆ. ಎರಡನ್ನೂ ಒಂದೇ ತೂಕಕ್ಕೆ ಇಟ್ಟು ಉಲ್ಲೇಖಿಸುವವರನ್ನು ಕಂಡರೆ ನನಗೆ ಬೇಜಾರು.

ಹಂತ 8: ಕಾಪಿರೈಟ್ ಮತ್ತು ಅನುವಾದ

ಕನ್ನಡಕ್ಕೆ ಅನುವಾದ ಮಾಡುವ ಆಸೆ ಇರುವವರು ಇದನ್ನು ಎರಡು ಸಲ ಓದಿ. ಕಾಗದ ಆರ್ಕೈವ್‌ನದು, ಅದರ ಮೇಲಿನ ಮಾತು ಬರೆದವರದು. ಅಮೆರಿಕದ ಕಾನೂನಿನಲ್ಲಿ ಪ್ರಕಟವಾಗದ ಪತ್ರದ ಕಾಪಿರೈಟ್ ಬರೆದವರು ತೀರಿಕೊಂಡ 70 ವರ್ಷದವರೆಗೆ ಇರುತ್ತದೆ. ಕ್ಲಾರ್ಕ್ ಅವರ ಪ್ರಕಟವಾಗದ ಪತ್ರಗಳಿಗೆ 2057ರ ಕೊನೆಯವರೆಗೆ. ಅವರಿಗೆ ಬಂದ ಪತ್ರಗಳ ಹಕ್ಕು ಕ್ಲಾರ್ಕ್ ಅವರದೂ ಅಲ್ಲ, ಏವರಿಯದೂ ಅಲ್ಲ, ಬರೆದ ಒಬ್ಬೊಬ್ಬರದು ಅಥವಾ ಅವರ ವಾರಸುದಾರರದು. ಕಿಂಗ್ ಅವರ ವಾರಸುದಾರರು ಈ ವಿಷಯದಲ್ಲಿ ಬಿಗಿ ಅಂತ ಹೆಸರಾದವರು.

ಲೇಖನದಲ್ಲಿ ಎರಡು ಸಾಲು ಉಲ್ಲೇಖಿಸಿ ಚರ್ಚಿಸುವುದಕ್ಕೆ ಸಾಮಾನ್ಯವಾಗಿ ತೊಂದರೆ ಇಲ್ಲ. ಪತ್ರವನ್ನು ಇಡಿಯಾಗಿ ಅನುವಾದಿಸಿ ಅಚ್ಚು ಹಾಕಿಸುವುದಕ್ಕೆ ಅನುಮತಿ ಬೇಕು. ಫೋಟೋ ತೆಗೆಯಲು ಬಿಟ್ಟರು ಅಂದರೆ ಪ್ರಕಟಿಸಲು ಬಿಟ್ಟರು ಅಂತಲ್ಲ. ಆರ್ಕೈವಿಸ್ಟ್‌ರನ್ನು ಕೇಳಿದರೆ ಯಾರಿಗೆ ಬರೆಯಬೇಕು ಅಂತ ದಾರಿ ತೋರಿಸುತ್ತಾರೆ. ಒಪ್ಪಿಗೆ ಬರೋದು ತಿಂಗಳುಗಟ್ಟಲೆ ಆಗಬಹುದು. ಪುಸ್ತಕ ಪ್ರೆಸ್‌ಗೆ ಹೋದ ಮೇಲೆ ಕೇಳಲು ಹೊರಡಬೇಡಿ.

ಉಲ್ಲೇಖಿಸುವ ಕ್ರಮ ಇದು: ಯಾರಿಂದ ಯಾರಿಗೆ, ತಾರೀಖು, ಪೆಟ್ಟಿಗೆ ನಂಬರ್, ಫೋಲ್ಡರ್ ನಂಬರ್, ಸಂಗ್ರಹದ ಹೆಸರು, ಕೇಂದ್ರದ ಹೆಸರು, ಊರು. ಕನ್ನಡದಲ್ಲಿ ಬರೆದರೂ ಸಂಗ್ರಹದ ಹೆಸರನ್ನು ಒಂದು ಕಡೆ ಇಂಗ್ಲಿಷ್ ಲಿಪಿಯಲ್ಲಿ ಕೊಟ್ಟಿರಿ, ಮುಂದೆ ಹುಡುಕುವವರಿಗೆ ಬೇಕಾಗುತ್ತದೆ. ನಿಮ್ಮ ಲೇಖನವೋ ಪುಸ್ತಕವೋ ಹೊರಬಂದ ಮೇಲೆ ಒಂದು ಪ್ರತಿಯನ್ನು ಏವರಿಗೆ ಕಳಿಸಿ. ಜೊತೆಗೆ ಇಂಗ್ಲಿಷ್‌ನಲ್ಲಿ ಅರ್ಧ ಪುಟದ ಸಾರಾಂಶವನ್ನೂ, ಯಾವ ಪೆಟ್ಟಿಗೆಯ ಕಾಗದ ಬಳಸಿದ್ದೀರಿ ಅನ್ನುವ ಪಟ್ಟಿಯನ್ನೂ ಇಡಿ. ಇಲ್ಲದಿದ್ದರೆ ಅದು ಯಾವುದರ ಬಗ್ಗೆ ಅಂತ ಅಲ್ಲಿನವರಿಗೆ ಗೊತ್ತಾಗುವುದಾದರೂ ಹೇಗೆ?